ಡಿಸ್ಕ್ ಡ್ರೈವ್ ಕೈಕೊಟ್ಟಾಗ: ದೋಷ ಹುಡುಕುವ ಬಗೆ, ಬದಲಿಸುವ ಬಗೆ

ಸಿಡಿ ಅಥವಾ ಡಿವಿಡಿ ಡಿಸ್ಕನ್ನು ಗಣಕದ ಡ್ರೈವ್‌ನ ಟ್ರೇಯಲ್ಲಿಟ್ಟು ಒಳಗೆ ಕಳಿಸುತ್ತೀರಿ. ಗುಂಯ್ ಎಂದು ತಿರುಗಲು ಶುರುವಾಗುತ್ತದೆ, ವೇಗ ಏರುತ್ತದೆ, ತಟಕ್ಕನೆ ತಗ್ಗುತ್ತದೆ. ಮತ್ತೆ ಏರುತ್ತದೆ, ಮತ್ತೆ ತಗ್ಗುತ್ತದೆ. ಮೂರನೆಯ ಸಲದ ನಂತರ ಸದ್ದೇ ಇಲ್ಲ. ಪರದೆಯ ಮೇಲೆ ಮಾತ್ರ ‘ಡಿಸ್ಕ್ ಹಾಕಿ’ ಎಂಬ ಸೂಚನೆ. ಹಾಕಿದ್ದೇನಲ್ಲ ಎಂದು ಗೊಣಗುತ್ತಾ ಟ್ರೇ ತೆರೆದು, ಡಿಸ್ಕನ್ನು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿದರೂ ಅದೇ ಕಥೆ. ಇಷ್ಟಾದ ಮೇಲೆ ಹೆಚ್ಚಿನವರು ತಲುಪುವ ತೀರ್ಮಾನ ಒಂದೇ: ಡ್ರೈವ್ ಹೋಯಿತು, ಹೊಸದು ತರಬೇಕು.

ಹೋಗಿರಲೂಬಹುದು. ಆದರೆ ಸತ್ತಿದೆ ಎಂದು ನನ್ನ ಕೈಗೆ ಬಂದ ಡ್ರೈವ್‌ಗಳಲ್ಲಿ ಎಷ್ಟೋ ಜೀವಂತವಾಗಿಯೇ ಇದ್ದವು. ಕೆಟ್ಟಿದ್ದದ್ದು ಡಿಸ್ಕ್, ಇಲ್ಲವೇ ಸಡಿಲವಾದ ಕೇಬಲ್, ಇಲ್ಲವೇ ಎಂದೋ ತೆಗೆದುಹಾಕಿದ ತಂತ್ರಾಂಶ ವಿಂಡೋಸ್‌ನಲ್ಲಿ ಬಿಟ್ಟುಹೋದ ಕಸ. ಬೈಗುಳ ಮಾತ್ರ ಡ್ರೈವ್‌ಗೆ. ಸರಿಯಾಗಿದ್ದ ಡ್ರೈವ್ ಒಂದನ್ನು ನಾನೇ ಬಿಚ್ಚಿ ಹೊಸದನ್ನು ಕೂರಿಸಿ ಪೆಚ್ಚಾದದ್ದೂ ಉಂಟು. ಅದನ್ನು ಮುಂದೆ ಹೇಳುತ್ತೇನೆ. ಆ ಅನುಭವದ ನಂತರ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಮೊದಲು ಡಿಸ್ಕ್, ಆಮೇಲೆ ಬಯೋಸ್ (ವಿಂಡೋಸ್‌ಗೂ ಮೊದಲು ಎದ್ದು ಗಣಕದ ಸಾಧನಗಳನ್ನು ಗುರುತಿಸುವ ತಂತ್ರಾಂಶ), ಆಮೇಲೆ ಕೇಬಲ್ ಅಥವಾ ತಂತ್ರಾಂಶ, ಕೊನೆಗೆ ಡ್ರೈವ್. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೇಬಲ್ಲನ್ನೂ ಅದನ್ನು ಚುಚ್ಚುವ ಕಿಂಡಿಯಾದ ಪೋರ್ಟನ್ನೂ ಒಟ್ಟಿಗೆ ಬದಲಿಸಿ ಡ್ರೈವ್ ಸರಿಹೋದರೆ ಕೆಟ್ಟಿದ್ದು ಯಾವುದೆಂದು ಗೊತ್ತಾಗುವುದಿಲ್ಲ, ಆ ಕೆಟ್ಟ ಕೇಬಲ್ ಮತ್ತೆ ಬಿಡಿಭಾಗಗಳ ಡಬ್ಬಕ್ಕೇ ಸೇರಿಕೊಳ್ಳುತ್ತದೆ.

ಮೊದಲ ವಿಚಾರಣೆ ಡಿಸ್ಕ್‌ನದು

ಕ್ಯಾಬಿನೆಟ್ ಮುಟ್ಟುವ ಮೊದಲು ಮೂರು ಡಿಸ್ಕ್ ಹುಡುಕಿಕೊಳ್ಳಿ: ಕಾರ್ಖಾನೆಯಲ್ಲಿ ಅಚ್ಚಾದ ಒಂದು ಸಿಡಿ (ಹಾಡಿನದಾದರೂ ಆದೀತು), ಅಚ್ಚಾದ ಒಂದು ಡಿವಿಡಿ, ಮನೆಯಲ್ಲಿ ಬರೆದ ಒಂದು ಡಿಸ್ಕ್. ಮೂರೂ ಬೇರೆ ಕಡೆ ಓದುತ್ತವೆ ಎಂದು ಖಾತ್ರಿ ಇರಬೇಕು. ಒಂದಾದ ಮೇಲೊಂದು ಹಾಕಿ ನೋಡಿ, ಪ್ರತಿಯೊಂದಕ್ಕೂ ಒಂದು ನಿಮಿಷ ಕೊಡಿ.

ಈ ಮೂರು ಡಿಸ್ಕ್‌ಗಳ ಪರೀಕ್ಷೆ ಹೇಳುವಷ್ಟನ್ನು ಬೇರೆ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಕಾರಣ ಡ್ರೈವ್‌ನ ಒಳಗಿನ ರಚನೆಯಲ್ಲಿದೆ. ಸಿಡಿಯನ್ನು ಓದುವುದು 780 ನ್ಯಾನೋಮೀಟರ್ ತರಂಗಾಂತರದ ಲೇಸರ್, ಡಿವಿಡಿಯನ್ನು ಓದುವುದು 650 ನ್ಯಾನೋಮೀಟರ್‌ನ ಕೆಂಪು ಲೇಸರ್. ಹೊರಗೆ ಕಾಣುವುದು ಒಂದೇ ಲೆನ್ಸ್ ಆದರೂ ಅದರ ಹಿಂದೆ ದುಡಿಯುವ ಲೇಸರ್ ಎರಡು. ಆದ್ದರಿಂದ ಸಿಡಿ ಚೆನ್ನಾಗಿ ಓದಿ ಡಿವಿಡಿಯನ್ನು ಮಾತ್ರ ಗುರುತಿಸುತ್ತಿಲ್ಲವಾದರೆ, ಅಥವಾ ಅದರ ತಿರುಗುಮುರುಗಾದರೆ, ಕೇಬಲ್ಲನ್ನೂ ವಿಂಡೋಸನ್ನೂ ಅನುಮಾನಿಸುವ ಅಗತ್ಯವಿಲ್ಲ. ಎರಡರಲ್ಲಿ ಒಂದು ಲೇಸರ್ ಸೊರಗಿದೆ. ಲೆನ್ಸ್ ಒರೆಸಿದರೆ ಕೆಲವೊಮ್ಮೆ ಚೇತರಿಸಿಕೊಳ್ಳಬಹುದು, ಇಲ್ಲವಾದರೆ ಡ್ರೈವ್ ಬದಲಿಸುವುದೇ ದಾರಿ. ಬ್ಲೂ-ರೇ ಡ್ರೈವ್‌ನಲ್ಲಿ 405 ನ್ಯಾನೋಮೀಟರ್‌ನ ಮೂರನೆಯ ಲೇಸರ್ ಕೂಡ ಇರುತ್ತದೆ, ತರ್ಕ ಅದೇ.

ಅಚ್ಚಾದವು ಎರಡೂ ಓದಿ ಮನೆಯಲ್ಲಿ ಬರೆದದ್ದು ಮಾತ್ರ ಓದದಿದ್ದರೆ? ಅದು ಪುನಃ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕೇ ಎಂದು ನೋಡಿ. ಅಚ್ಚಾದ ಸಿಡಿ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸುತ್ತದೆ. ಸಿಡಿ-ಆರ್‌ಡಬ್ಲ್ಯೂ ಹಿಂದಿರುಗಿಸುವುದು ಶೇಕಡ 15ರಿಂದ 25ರಷ್ಟನ್ನು ಮಾತ್ರ. ಲೇಸರ್ ಮಂಕಾಗುತ್ತಿರುವ ಡ್ರೈವ್ ಮೊದಲು ಕೈಬಿಡುವುದು ಇವುಗಳನ್ನೇ, ನಂತರ ಬರೆದ ಡಿಸ್ಕ್‌ಗಳನ್ನು, ಕೊನೆಗೆ ಅಚ್ಚಾದವುಗಳನ್ನು. ಕಣ್ಣಿಗೆ ಪೊರೆ ಬಂದವರು ಮೊದಲು ಸಣ್ಣ ಅಕ್ಷರ ಬಿಡುವ ಹಾಗೆ. ಇನ್ನೊಂದು ಸಾಧ್ಯತೆಯೂ ಇದೆ: ಬರೆದವರು ಡಿಸ್ಕನ್ನು ‘ಫೈನಲೈಸ್’ ಮಾಡದೆ ಬಿಟ್ಟಿರಬಹುದು. ಅಂಥ ಡಿಸ್ಕ್ ತಾನು ಹುಟ್ಟಿದ ಡ್ರೈವ್‌ನಲ್ಲಿ ಓದುತ್ತದೆ, ಇನ್ನೊಂದರಲ್ಲಿ ಖಾಲಿ ಎಂದು ತೋರಿಸುತ್ತದೆ. ಬರೆದ ಗಣಕದಲ್ಲೇ ಮತ್ತೆ ಹಾಕಿ ಮುಕ್ತಾಯಗೊಳಿಸಿದರೆ ಸಮಸ್ಯೆ ತೀರುತ್ತದೆ.

ಒಂದೇ ಡಿಸ್ಕ್ ಮಾತ್ರ ಕೈಕೊಡುತ್ತಿದ್ದರೆ ಅದನ್ನು ದೀಪಕ್ಕೆ ಹಿಡಿದು ನೋಡಿ. ಮಧ್ಯದಿಂದ ಅಂಚಿಗೆ ನೇರವಾಗಿ ಹೋದ ಗೀರು ನೋಡಲು ಭಯಂಕರವಾಗಿ ಕಂಡರೂ ಅಷ್ಟೇನೂ ಅಪಾಯಕಾರಿಯಲ್ಲ. ಅದು ಒಂದೊಂದು ಸುತ್ತಿನಲ್ಲಿ ಒಂದು ಚೂರನ್ನು ಮಾತ್ರ ಮುಚ್ಚುತ್ತದೆ, ಉಳಿದದ್ದನ್ನು ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ವೃತ್ತಾಕಾರವಾಗಿ, ಡಿಸ್ಕ್ ತಿರುಗುವ ದಿಕ್ಕಿನಲ್ಲೇ ಬಿದ್ದ ಗೀರು ಸಣ್ಣದಾದರೂ ಕೆಟ್ಟದ್ದು. ಅದು ಒಂದೇ ಹಾದಿಯಲ್ಲಿ ಉದ್ದಕ್ಕೂ ಮಾಹಿತಿಯನ್ನು ನುಂಗುತ್ತದೆ. ಡಿಸ್ಕ್ ಒರೆಸುವಾಗ ಒಳಗಿನಿಂದ ಹೊರಗೆ ನೇರವಾಗಿ ಒರೆಸಬೇಕು, ದುಂಡಗೆ ಉಜ್ಜಬಾರದು ಎನ್ನುವುದು ಇದಕ್ಕೇ. ಅಂಗಿಯ ತುದಿ ಬೇಡ, ಮೆತ್ತನೆಯ ಒಣ ಬಟ್ಟೆ ಸಾಕು.

ಹೆಚ್ಚಿನವರು ನೋಡದ ಜಾಗ ಡಿಸ್ಕ್‌ನ ಮೇಲ್ಭಾಗ, ಹೆಸರು ಬರೆಯುವ ಬದಿ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್‌ನ ಆಚೆ, ಲೇಬಲ್‌ನ ಕೆಳಗೆ ತೆಳು ಲೇಪದಡಿಯಲ್ಲಿ. ಕೆಳಬದಿಯ ಗೀರು ಕನ್ನಡಕದ ಮೇಲಿನ ಗೀರಿದ್ದಂತೆ. ಮೇಲ್ಬದಿಯ ಗೀರು ಕಣ್ಣಿಗೇ ಬಿದ್ದ ಗೀರು. ಬಾಲ್ ಪೆನ್ನಿನಿಂದ ಒತ್ತಿ ಹೆಸರು ಬರೆದ ಸಿಡಿಯನ್ನು ದೀಪಕ್ಕೆ ಹಿಡಿದರೆ ಅಕ್ಷರಗಳಗುಂಟ ಬೆಳಕು ತೂರುವುದನ್ನು ನಾನು ನೋಡಿದ್ದೇನೆ. ಅಲ್ಲಿದ್ದ ಮಾಹಿತಿ ಯಾವ ಡ್ರೈವ್‌ಗೂ ಸಿಗುವುದಿಲ್ಲ. ಡಿವಿಡಿಯಲ್ಲಿ ಪದರ ನಡುವೆ, 0.6 ಮಿಲಿಮೀಟರ್ ಆಳದಲ್ಲಿ ಇರುವುದರಿಂದ ಮೇಲಿನಿಂದ ಈ ಭಯ ಕಡಿಮೆ.

ನಡುವಿನ ತೂತಿನ ಸುತ್ತ ಸೀಳು ಬಿಟ್ಟ ಡಿಸ್ಕನ್ನು ಪರೀಕ್ಷೆಗೆಂದೂ ಹಾಕಬೇಡಿ. 52 ಪಟ್ಟು ವೇಗದ ಡ್ರೈವ್ ಸಿಡಿಯನ್ನು ನಿಮಿಷಕ್ಕೆ ಹತ್ತು ಸಾವಿರದಷ್ಟು ಸುತ್ತು ತಿರುಗಿಸುತ್ತದೆ. ಆ ವೇಗದಲ್ಲಿ ಸೀಳು ಪೂರ್ತಿ ತೆರೆದುಕೊಂಡು ಡಿಸ್ಕ್ ಒಳಗೇ ಚೂರಾದರೆ ನಿಮಗಿದ್ದ ಸಣ್ಣ ಅನುಮಾನ ದೊಡ್ಡ ಖಾತ್ರಿಯಾಗುತ್ತದೆ. ಓರೆಯಾಗಿ ಅಂಟಿಸಿದ ಕಾಗದದ ಲೇಬಲ್ಲೂ ಡಿಸ್ಕ್‌ನ ತೂಕ ತಪ್ಪಿಸಿ ಕ್ಯಾಬಿನೆಟ್ಟನ್ನೇ ನಡುಗಿಸುತ್ತದೆ; ಇಂಥ ನಡುಕ ಡ್ರೈವ್‌ನ ದೋಷವಲ್ಲ.

ಬಯೋಸ್‌ಗೆ ಡ್ರೈವ್ ಕಾಣುತ್ತಿದೆಯೇ?

ಮೂರು ಡಿಸ್ಕ್‌ಗಳಲ್ಲಿ ಒಂದೂ ಓದದಿದ್ದರೆ, ಅಥವಾ ವಿಂಡೋಸ್‌ನಲ್ಲಿ ಡ್ರೈವ್‌ನ ಗುರುತೇ ಮಾಯವಾಗಿದ್ದರೆ, ಗಣಕವನ್ನು ಮರುಚಾಲನೆ ಮಾಡಿ ಬಯೋಸ್ ಒಳಗೆ ಹೋಗಿ. ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಆನ್ ಆದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿ ಒತ್ತುತ್ತಿದ್ದರೆ ಆ ಪರದೆ ಬರುತ್ತದೆ. ಅಲ್ಲಿ ಸಾಟಾ (ಡ್ರೈವ್‌ಗಳನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಂಪರ್ಕ) ಸಾಧನಗಳ ಪಟ್ಟಿಯಲ್ಲಿ ಡ್ರೈವ್‌ನ ಮಾದರಿ ಸಂಖ್ಯೆ ಇದೆಯೇ ಎಂಬುದಷ್ಟೇ ಪ್ರಶ್ನೆ.

ಇದ್ದರೆ ಕೇಬಲ್ ಮತ್ತು ವಿದ್ಯುತ್ ಬಹುಮಟ್ಟಿಗೆ ಸರಿಯಿವೆ. ಬಯೋಸ್‌ನಲ್ಲಿ ಕಂಡು ವಿಂಡೋಸ್‌ನಲ್ಲಿ ಕಾಣದಿದ್ದರೆ ತಂತ್ರಾಂಶದ ಭಾಗಕ್ಕೆ ಹೋಗಿ. ಎರಡರಲ್ಲೂ ಕಂಡು ಡಿಸ್ಕ್ ಓದದಿದ್ದರೆ ಲೆನ್ಸ್‌ನ ಭಾಗಕ್ಕೆ. ಬಯೋಸ್‌ನಲ್ಲೇ ಇಲ್ಲವಾದರೆ ವಿಂಡೋಸ್‌ನಲ್ಲಿ ಎಷ್ಟು ತಡಕಾಡಿದರೂ ತಲೆನೋವಿಗೆ ದಿಂಬು ಬದಲಿಸಿದಂತೆ. ಕ್ಯಾಬಿನೆಟ್ ತೆರೆಯಲೇಬೇಕು.

ತೆರೆಯುವ ಮೊದಲು ಮುಂದಿನ ಗುಂಡಿ ಒತ್ತಿ ನೋಡಿ. ಟ್ರೇ ಹೊರಬಂದರೆ ಡ್ರೈವ್‌ಗೆ ವಿದ್ಯುತ್ ಬರುತ್ತಿದೆ ಎಂದಾಯಿತು, ಹಾಗಾಗಿ ಅನುಮಾನ ಡೇಟಾ ಕೇಬಲ್ ಮತ್ತು ಪೋರ್ಟ್ ಕಡೆಗೆ ತಿರುಗುತ್ತದೆ. ದೀಪವೂ ಇಲ್ಲ, ಟ್ರೇಯೂ ಇಲ್ಲ ಎಂದಾದರೆ ವಿದ್ಯುತ್ ಕೇಬಲ್ ನೋಡಬೇಕು. ದೀಪ ಮಿನುಗುತ್ತದೆ, ಟ್ರೇ ಮಾತ್ರ ಮಿಸುಕುವುದಿಲ್ಲ ಎಂಬ ನಡುವಿನ ಸ್ಥಿತಿಯೂ ಉಂಟು. ಪೂರ್ಣ ಗಾತ್ರದ ಡ್ರೈವ್‌ಗೆ 5 ವೋಲ್ಟ್ ಮತ್ತು 12 ವೋಲ್ಟ್ ಎರಡೂ ಬೇಕು. ಮೊದಲನೆಯದು ಒಳಗಿನ ಸರ್ಕ್ಯೂಟ್‌ಗೆ, ಎರಡನೆಯದು ಮೋಟಾರುಗಳಿಗೆ. ಒಂದು ಬಂದು ಇನ್ನೊಂದು ಬಾರದಿದ್ದಾಗ ಹೀಗಾಗಬಹುದು, ಟ್ರೇಯ ಬೆಲ್ಟ್ ಜಾರಿದಾಗಲೂ ಹೀಗೇ ಆಗುತ್ತದೆ.

ಗಣಕ ಆನ್ ಆಗುವಾಗಲೇ ನಿಮಿಷಗಟ್ಟಲೆ ಸ್ತಬ್ಧವಾಗಿ ನಿಲ್ಲುತ್ತಿದ್ದರೆ ಅದೂ ಈ ಡ್ರೈವ್‌ನ ಕೆಲಸವಾಗಿರಬಹುದು. ಅರ್ಧ ಸತ್ತ ಡ್ರೈವ್‌ನಿಂದ ಉತ್ತರ ಬರಲೆಂದು ಬಯೋಸ್ ಕಾಯುತ್ತಾ ಕೂರುತ್ತದೆ. ಅದರ ಕೇಬಲ್‌ಗಳನ್ನು ಕಳಚಿಟ್ಟು ನೋಡಿ. ಗಣಕ ಚುರುಕಾಗಿ ಎದ್ದರೆ ಅಪರಾಧಿ ಸಿಕ್ಕಿದಂತೆಯೇ.

ಕೇಬಲ್, ಪೋರ್ಟ್, ಮತ್ತು ನಾನು ಮೂರ್ಖನಾದ ಬಗೆ

ಗಣಕವನ್ನು ಆರಿಸಿ, ಅದಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಡಬ್ಬದ ಹಿಂದಿನ ಸ್ವಿಚ್ ಆಫ್ ಮಾಡಿ, ವಿದ್ಯುತ್ ತಂತಿಯನ್ನು ಕಿತ್ತುಬಿಡಿ. ಆಮೇಲೆ ಪವರ್ ಗುಂಡಿಯನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ವಿದ್ಯುತ್ ಖಾಲಿಯಾಗಲಿ. ಎಡಬದಿಯ ತಗಡು ತೆಗೆದು, ಏನನ್ನಾದರೂ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿ ಸೇರಿಕೊಂಡ ಸ್ಥಿರ ವಿದ್ಯುತ್ ಅಲ್ಲಿ ಇಳಿದುಹೋಗುತ್ತದೆ.

ಡ್ರೈವ್‌ನ ಹಿಂಬದಿಗೆ ಎರಡು ಚಪ್ಪಟೆ ಕೇಬಲ್ ಬರುತ್ತವೆ. ಅಗಲವಾದದ್ದು 15 ಪಿನ್‌ಗಳ ವಿದ್ಯುತ್ ಕೇಬಲ್, ಕಿರಿದಾದದ್ದು 7 ಪಿನ್‌ಗಳ ಡೇಟಾ ಕೇಬಲ್. ಎರಡರ ತುದಿಯೂ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿರುವುದರಿಂದ ತಲೆಕೆಳಗಾಗಿ ಕೂರುವುದಿಲ್ಲ. ಎರಡನ್ನೂ ಕಿತ್ತು, ಕಪ್ಪಾಗಿದೆಯೇ, ಕರಗಿದೆಯೇ, ಪ್ಲಾಸ್ಟಿಕ್ ತುದಿ ಮುರಿದಿದೆಯೇ ನೋಡಿ ಮತ್ತೆ ಗಟ್ಟಿಯಾಗಿ ಒತ್ತಿ. ಕ್ಲಿಪ್ ಇಲ್ಲದ ಹಳೆಯ ಸಾಟಾ ಕೇಬಲ್‌ಗಳು ಫ್ಯಾನಿನ ನಡುಕಕ್ಕೇ ಅರ್ಧ ಮಿಲಿಮೀಟರ್ ಹಿಂದೆ ಸರಿಯುತ್ತವೆ. ಕಣ್ಣಿಗೆ ಕೂತಂತೆಯೇ ಕಾಣುತ್ತದೆ, ಬೆರಳಿಟ್ಟು ಒತ್ತಿದಾಗ ‘ಟಕ್’ ಎನ್ನುತ್ತದೆ. ಆ ಟಕ್ ಕೇಳಿದರೆ ಅರ್ಧ ಕೆಲಸ ಮುಗಿಯಿತು. ಗಣಕದೊಳಗಿನ ಸಾಟಾ ಕನೆಕ್ಟರ್‌ಗಳನ್ನು ಐವತ್ತು ಸಲ ಹಾಕಿ ತೆಗೆಯುವಷ್ಟಕ್ಕೆ ಮಾತ್ರ ರೂಪಿಸಿರುತ್ತಾರೆ, ಹಾಗಾಗಿ ಆಟವಾಡಿದಂತೆ ಕಿತ್ತು ಹಾಕುವುದೂ ಒಳ್ಳೆಯದಲ್ಲ.

ಸಂದೇಹ ಉಳಿದರೆ ಒಂದು ಸರಳ ಉಪಾಯವಿದೆ. ಡೇಟಾ ಕೇಬಲ್ ಕಳಚಿ, ವಿದ್ಯುತ್ ಕೇಬಲ್ ಮಾತ್ರ ಬಿಟ್ಟು ಗಣಕ ಆನ್ ಮಾಡಿ. ಈಗ ಡ್ರೈವ್ ಒಂಟಿ. ಮದರ್‌ಬೋರ್ಡೂ ಇಲ್ಲ, ವಿಂಡೋಸೂ ಇಲ್ಲ. ಹೀಗಿದ್ದೂ ಟ್ರೇ ತೆರೆದು ಮುಚ್ಚಿ, ಡಿಸ್ಕ್ ಹಾಕಿದಾಗ ತಿರುಗಿಸುವ ಪ್ರಯತ್ನ ಮಾಡಿದರೆ ಅದರ ಯಂತ್ರಭಾಗ ಆರೋಗ್ಯವಾಗಿದೆ. ಮಾಡದಿದ್ದರೆ ಇನ್ನೊಂದು ವಿದ್ಯುತ್ ತುದಿ ಕೊಟ್ಟು ನೋಡಿ. ಆಗಲೂ ಮಾಡದಿದ್ದರೆ ದೋಷ ಡ್ರೈವ್‌ನಲ್ಲೇ. ಇದಾದ ಮೇಲೆ ಗಣಕ ಆರಿಸಿ, ಸರಿಯಾಗಿ ಕೆಲಸ ಮಾಡುತ್ತಿರುವ ಇನ್ನೊಂದು ಡೇಟಾ ಕೇಬಲ್ ಹಾಕಿ. ಅದೂ ಆಗದಿದ್ದರೆ ಮದರ್‌ಬೋರ್ಡ್‌ನ ಇನ್ನೊಂದು ಪೋರ್ಟ್.

ಪೋರ್ಟ್ ಎಂದಾಗ ನನ್ನ ಕಥೆ. ಎರಡು ವಾರದ ಹಿಂದಿನವರೆಗೆ ಚೆನ್ನಾಗಿದ್ದ ಡ್ರೈವ್ ಒಂದು ದಿನ ಬಯೋಸ್‌ನಿಂದಲೇ ಮಾಯವಾಗಿತ್ತು. ಟ್ರೇ ತೆರೆಯುತ್ತದೆ, ಡಿಸ್ಕ್ ತಿರುಗುತ್ತದೆ, ಗಣಕಕ್ಕೆ ಮಾತ್ರ ಕಾಣುವುದಿಲ್ಲ. ಕೇಬಲ್ ಬದಲಿಸಿದೆ, ಪ್ರಯೋಜನವಿಲ್ಲ. ಡ್ರೈವ್‌ನ ಸರ್ಕ್ಯೂಟ್ ಸುಟ್ಟಿರಬೇಕು ಎಂದು ತೀರ್ಮಾನಿಸಿ ಹೊಸದನ್ನು ತಂದು ಕೂರಿಸಿದೆ. ಅದೂ ಕಾಣಲಿಲ್ಲ! ಆಗ ನೆನಪಾಯಿತು: ಆ ಎರಡು ವಾರಗಳ ನಡುವೆ ನಾನೇ ಮದರ್‌ಬೋರ್ಡ್‌ಗೆ ಒಂದು ಎಂ.2 ಎಸ್‌ಎಸ್‌ಡಿ (ಬೋರ್ಡಿನ ಸ್ಲಾಟಿಗೇ ಕೂರುವ ಸಂಗ್ರಹ ಸಾಧನ) ಸೇರಿಸಿದ್ದೆ. ಹಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ಮತ್ತು ಒಂದೆರಡು ಸಾಟಾ ಪೋರ್ಟ್‌ಗಳು ಒಂದೇ ಸಂಪರ್ಕಮಾರ್ಗವನ್ನು ಹಂಚಿಕೊಂಡಿರುತ್ತವೆ. ಸ್ಲಾಟ್ ತುಂಬಿದ ಕೂಡಲೇ ಆ ಪೋರ್ಟ್‌ಗಳು ಸದ್ದಿಲ್ಲದೆ ನಿಷ್ಕ್ರಿಯವಾಗುತ್ತವೆ. ಮದರ್‌ಬೋರ್ಡ್‌ನ ಕೈಪಿಡಿಯಲ್ಲಿ ಇದು ಒಂದು ಸಣ್ಣ ಕೋಷ್ಟಕದಲ್ಲಿ ಬರೆದಿತ್ತು, ಓದಿದವರು ಯಾರು? ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಚುಚ್ಚಿದೆ, ಹೊಸದೂ ಕಂಡಿತು, ಹಳೆಯದೂ ಕಂಡಿತು. ಅಂದಿನಿಂದ ಯಾರಾದರೂ ಡ್ರೈವ್ ಕಾಣುತ್ತಿಲ್ಲ ಎಂದರೆ ನಾನು ಕೇಳುವ ಮೊದಲ ಪ್ರಶ್ನೆ, ಇತ್ತೀಚೆಗೆ ಗಣಕದೊಳಗೆ ಏನನ್ನಾದರೂ ಸೇರಿಸಿದಿರಾ ಎಂಬುದು. ಬಯೋಸ್‌ನಲ್ಲಿ ಆ ಪೋರ್ಟನ್ನೇ ಯಾರೋ ಸ್ಥಗಿತಗೊಳಿಸಿರುವ ಸಾಧ್ಯತೆಯೂ ಇದೆ, ಅದನ್ನೂ ನೋಡಿಕೊಳ್ಳಿ.

ವಿದ್ಯುತ್‌ಗೆ ಸಾಟಾ ತುದಿ ಸಾಲದೆ ಹಳೆಯ ನಾಲ್ಕು ಪಿನ್‌ನ ಮೋಲೆಕ್ಸ್‌ನಿಂದ ಪರಿವರ್ತಕ ಹಾಕಿದ್ದರೆ ಅದನ್ನು ಅನುಮಾನದಿಂದ ನೋಡಿ. ಪ್ಲಾಸ್ಟಿಕ್ಕನ್ನು ಒಟ್ಟಾಗಿ ಎರಕ ಹೊಯ್ದ ಅಗ್ಗದ ಪರಿವರ್ತಕಗಳು ಒಳಗೇ ತಂತಿ ತಾಗಿ ಕರಗಿದ, ಹೊತ್ತಿಕೊಂಡ ಉದಾಹರಣೆಗಳಿವೆ. ಸುಟ್ಟ ವಾಸನೆಯ ಸುಳಿವು ಸಿಕ್ಕರೂ ಅದನ್ನು ಎಸೆಯಿರಿ.

ಸಾಟಾಕ್ಕಿಂತ ಹಿಂದಿನ, ಅಗಲ ರಿಬ್ಬನ್‌ನಂಥ 40 ಪಿನ್ ಕೇಬಲ್ ಇರುವ ಐಡಿಇ ಗಣಕ ಇನ್ನೂ ಬಳಕೆಯಲ್ಲಿದ್ದರೆ ಡ್ರೈವ್‌ನ ಹಿಂಬದಿಯ ಜಂಪರ್ (ಎರಡು ಪಿನ್‌ಗಳನ್ನು ಜೋಡಿಸುವ ಪುಟ್ಟ ತುಂಡು) ನೋಡಿ. ಒಂದೇ ಕೇಬಲ್‌ನಲ್ಲಿ ಎರಡು ಸಾಧನಗಳಿದ್ದರೆ ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಆಗಿರಬೇಕು. ಎರಡೂ ಮಾಸ್ಟರ್ ಎಂದು ಹೊರಟರೆ ಒಂದು ಮರೆಯಾಗುತ್ತದೆ, ಕೆಲವೊಮ್ಮೆ ಎರಡೂ. ಅಂಥ ಗಣಕದಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದು ಡ್ರೈವ್ ಆಮೆಯಂತಾಗಿದ್ದರೆ, ಪದೇ ಪದೇ ದೋಷ ಕಂಡ ವಿಂಡೋಸ್ ಅದನ್ನು ಮಾಹಿತಿ ಸಾಗಿಸುವ ವೇಗದ ವಿಧಾನವಾದ ಡಿಎಂಎಯಿಂದ ನಿಧಾನಗತಿಯ ಪಿಐಒ ವಿಧಾನಕ್ಕೆ ಇಳಿಸಿದೆ ಎಂದರ್ಥ. ಆ ಕೇಬಲ್‌ನ ಐಡಿಇ ಚಾನೆಲ್ಲನ್ನು ಡಿವೈಸ್ ಮ್ಯಾನೇಜರ್‌ನಲ್ಲಿ (ಗಣಕದ ಸಾಧನಗಳನ್ನೆಲ್ಲ ಪಟ್ಟಿ ಮಾಡುವ ಕಿಟಕಿ) ಅಳಿಸಿ ಮರುಚಾಲನೆ ಮಾಡಿದರೆ ಹಿಂದಿನ ವೇಗಕ್ಕೆ ಮರಳುತ್ತದೆ.

ಬಯೋಸ್‌ಗೆ ಕಾಣುತ್ತದೆ, ವಿಂಡೋಸ್‌ಗೆ ಕಾಣುವುದಿಲ್ಲ

ವಿಂಡೋಸ್ ಕೀಲಿಯೊಂದಿಗೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿವಿಡಿ ಡ್ರೈವ್‌ಗಳ ಸಾಲಿನಲ್ಲಿ ಹಳದಿ ತ್ರಿಕೋನ ಕಂಡರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಒಳಗೆ ಒಂದು ಸಂಕೇತ ಸಂಖ್ಯೆ ಇರುತ್ತದೆ. ಏನೇ ಇದ್ದರೂ ಮೊದಲು ಮಾಡಬೇಕಾದದ್ದು ಸರಳ: ಆ ಸಾಧನವನ್ನು ಅಲ್ಲಿಂದ ‘ಅನ್‌ಇನ್‌ಸ್ಟಾಲ್’ ಮಾಡಿ ಗಣಕವನ್ನು ಮರುಚಾಲನೆ ಮಾಡುವುದು. ವಿಂಡೋಸ್ ತಾನೇ ಮತ್ತೆ ಹುಡುಕಿ ಚಾಲಕ ತಂತ್ರಾಂಶವನ್ನು ಜೋಡಿಸುತ್ತದೆ. ಡಿವಿಡಿ ಡ್ರೈವ್‌ಗೆ ಬೇಕಾದ ಚಾಲಕ ವಿಂಡೋಸ್‌ನಲ್ಲೇ ಇದೆ. ‘ಡ್ರೈವರ್ ಹುಡುಕಿಕೊಡುತ್ತೇವೆ’ ಎನ್ನುವ ತಂತ್ರಾಂಶಗಳನ್ನು ಇಳಿಸಿಕೊಳ್ಳಬೇಡಿ. ಅವು ತರುವ ರೋಗ ನಿಮ್ಮ ಈಗಿನ ರೋಗಕ್ಕಿಂತ ದೊಡ್ಡದು.

ಮರುಚಾಲನೆಯ ನಂತರವೂ 19 ಅಥವಾ 39 ಎಂಬ ಸಂಕೇತವೇ ಬಂದರೆ ಹಳೆಯ ಪರಿಚಿತ ಕಾರಣವೊಂದಿದೆ. ಡಿಸ್ಕ್ ಬರೆಯುವ ಅಥವಾ ಹುಸಿ ಡ್ರೈವ್ ಸೃಷ್ಟಿಸುವ ಕೆಲವು ತಂತ್ರಾಂಶಗಳು ಡ್ರೈವ್ ಮತ್ತು ವಿಂಡೋಸ್ ನಡುವೆ ತಮ್ಮದೊಂದು ಶೋಧಕವನ್ನು (ಫಿಲ್ಟರ್) ಕೂರಿಸುತ್ತವೆ. ಅವನ್ನು ತೆಗೆದುಹಾಕಿದಾಗ ತಂತ್ರಾಂಶ ಹೋಗುತ್ತದೆ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಅದರ ಹೆಸರು ಉಳಿಯುತ್ತದೆ. ವಿಂಡೋಸ್ ಇಲ್ಲದ ಆ ಶೋಧಕವನ್ನು ಹುಡುಕಿ ಸೋತು, ಡ್ರೈವನ್ನೇ ಕೈಬಿಡುತ್ತದೆ. ಪರಿಹಾರ ರಿಜಿಸ್ಟ್ರಿ ಎಡಿಟರ್‌ನಲ್ಲಿದೆ: ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಎಂಬ ಹಾದಿಯಲ್ಲಿ ಹೋಗಿ, 4ಡಿ36ಇ965 ಎಂದು ಆರಂಭವಾಗುವ ಫೋಲ್ಡರ್ ಹಿಡಿಯಿರಿ. ಬಲಗಡೆ ‘ಅಪ್ಪರ್ ಫಿಲ್ಟರ್ಸ್’, ‘ಲೋವರ್ ಫಿಲ್ಟರ್ಸ್’ ಎಂಬ ನಮೂದುಗಳಿದ್ದರೆ ಅವನ್ನು ಅಳಿಸಿ ಮರುಚಾಲನೆ ಮಾಡಿ. ಡಿಸ್ಕ್ ಬರೆಯುವ ತಂತ್ರಾಂಶವನ್ನು ಆಮೇಲೆ ಮತ್ತೊಮ್ಮೆ ಸ್ಥಾಪಿಸಬೇಕಾಗಬಹುದು.

ಇಲ್ಲಿ ಕೈ ನಡುಗಬಾರದು. ಅದರ ಹತ್ತಿರವೇ 4ಡಿ36ಇ967 ಎಂದು ಆರಂಭವಾಗುವ, ಅವಳಿಯಂತೆ ಕಾಣುವ ಫೋಲ್ಡರ್ ಇದೆ. ಅದು ಹಾರ್ಡ್ ಡಿಸ್ಕಿನದು. ಅಲ್ಲಿರುವ ಇದೇ ಹೆಸರಿನ ನಮೂದನ್ನು ಅಳಿಸಿದರೆ ವಿಂಡೋಸ್ ಏಳುವುದೇ ನಿಂತುಹೋಗಬಹುದು. ಆರಂಭದ ಈ ಎಂಟು ಅಕ್ಷರಗಳಲ್ಲಿ ಕೊನೆಯದು 5 ಎಂದು ಎರಡು ಸಲ ಓದಿ, ಅಳಿಸುವ ಮೊದಲು ಆ ಫೋಲ್ಡರನ್ನು ‘ಎಕ್ಸ್‌ಪೋರ್ಟ್’ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಎಲ್ಲ ಸರಿಯಿದ್ದು ಫೈಲುಗಳ ಕಿಟಕಿಯಲ್ಲಿ ಮಾತ್ರ ಡ್ರೈವ್ ಇಲ್ಲದಿದ್ದರೆ, ಅದಕ್ಕೆ ಡಿ, ಇ ಎಂಬಂಥ ಗುರುತಿನ ಅಕ್ಷರ ಸಿಕ್ಕಿರಲಿಕ್ಕಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಬೇರೊಂದು ಅಕ್ಷರ ಕೊಟ್ಟರೆ ಮುಗಿಯಿತು.

ದೋಷವೇ ಅಲ್ಲದ ದೋಷವೊಂದಿದೆ. ಡಿಸ್ಕ್‌ನ ಫೈಲುಗಳೆಲ್ಲ ಕಾಣುತ್ತವೆ, ಸಿನಿಮಾ ಮಾತ್ರ ಓಡುವುದಿಲ್ಲ. ವಿಂಡೋಸ್ 8ರಿಂದ ಮುಂದೆ ಡಿವಿಡಿ ಸಿನಿಮಾ ನುಡಿಸುವ ಸೌಲಭ್ಯ ವಿಂಡೋಸ್‌ನ ಜತೆಗೆ ಬರುತ್ತಿಲ್ಲ. ವಿಎಲ್‌ಸಿಯಂಥ ಉಚಿತ ಪ್ಲೇಯರ್ ಹಾಕಿದರೆ ಓಡುತ್ತದೆ. ಇನ್ನೂ ಓಡದಿದ್ದರೆ ಡಿಸ್ಕ್‌ನ ಪ್ರದೇಶ ಸಂಕೇತ (ಜಗತ್ತಿನ ಯಾವ ಭಾಗದಲ್ಲಿ ಓಡಬೇಕೆಂಬ ಗುರುತು) ಡ್ರೈವ್‌ನದಕ್ಕೆ ಹೊಂದುತ್ತಿಲ್ಲವೇನೋ ನೋಡಿ. ಡ್ರೈವ್‌ನಲ್ಲಿ ಆ ಸಂಕೇತವನ್ನು ಬದಲಿಸಲು ಇರುವುದು ಐದೇ ಅವಕಾಶ, ಐದನೆಯದು ಶಾಶ್ವತ.

ದೋಷ ವಿಂಡೋಸಿನದೋ ಡ್ರೈವಿನದೋ ಎಂದು ಕೊನೆಯವರೆಗೂ ತಿಳಿಯದಿದ್ದರೆ ಪೆನ್‌ಡ್ರೈವ್‌ನಿಂದ ಯಾವುದಾದರೂ ಲಿನಕ್ಸ್ ಚಾಲೂ ಮಾಡಿ ಅಲ್ಲಿ ಡಿಸ್ಕ್ ತೆರೆಯಿರಿ. ಏನನ್ನೂ ಸ್ಥಾಪಿಸಬೇಕಿಲ್ಲ. ಅಲ್ಲಿ ಓದಿದರೆ ಡ್ರೈವ್ ನಿರಪರಾಧಿ.

ಟ್ರೇ ತೆರೆಯುತ್ತಿಲ್ಲ

ಮುಂಭಾಗದಲ್ಲಿ ಗುಂಡಿಯ ಆಸುಪಾಸು ಸೂಜಿಮೊನೆಯಂಥ ತೂತಿದೆ. ಗಣಕ ಆರಿಸಿ, ಪೇಪರ್ ಕ್ಲಿಪ್ಪನ್ನು ನೇರ ಮಾಡಿ ಅದರೊಳಗೆ ತೂರಿಸಿ ನಿಧಾನವಾಗಿ ಒತ್ತಿ. ತಡೆ ಸಿಕ್ಕ ಜಾಗದಲ್ಲಿ ಸ್ವಲ್ಪ ಬಲ ಕೊಟ್ಟರೆ ಟ್ರೇ ಬೆರಳಗಲ ಹೊರಬರುತ್ತದೆ, ಉಳಿದದ್ದನ್ನು ಕೈಯಿಂದ ಎಳೆಯಿರಿ. ಡಿಸ್ಕ್ ಇನ್ನೂ ತಿರುಗುತ್ತಿರುವಾಗ ಇದನ್ನು ಮಾಡಬಾರದು.

ಒಳಗೆ ಮೋಟಾರು ‘ರ್ರ್’ ಎಂದು ಕೂಗುತ್ತದೆ, ಟ್ರೇ ಮಿಸುಕುವುದಿಲ್ಲ, ಡ್ರೈವ್‌ನ ನೆತ್ತಿಗೆ ಮೆಲ್ಲಗೆ ತಟ್ಟಿದರೆ ತೆರೆಯುತ್ತದೆ. ಇದು ಬೆಲ್ಟ್‌ನ ಲಕ್ಷಣ. ಟ್ರೇಯನ್ನು ಎಳೆಯುವುದು ಉಂಗುರದಷ್ಟಿರುವ ಒಂದು ರಬ್ಬರ್ ಬೆಲ್ಟ್. ವರ್ಷಗಳಾದಂತೆ ಅದು ಹಿಗ್ಗಿ ನುಣುಪಾಗುತ್ತದೆ. ತೆರೆಯುವ ಮೊದಲ ಕ್ಷಣವೇ ಅದಕ್ಕೆ ಕಠಿಣ: ಮೇಲಿನ ಅಯಸ್ಕಾಂತದ ಬಿಲ್ಲೆಯ ಹಿಡಿತದಿಂದ ಮೋಟಾರಿನ ತಲೆಯನ್ನು ಬಿಡಿಸಿ ಕೆಳಗಿಳಿಸಬೇಕು. ಸೋತ ಬೆಲ್ಟ್ ಅಲ್ಲೇ ಜಾರುತ್ತದೆ. ಬೆಲ್ಟ್ ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದರೆ ಕೆಲವು ತಿಂಗಳು ನಡೆಯುತ್ತದೆ, ಅದೇ ಅಳತೆಯ ಹೊಸ ಬೆಲ್ಟ್ ಹಾಕಿದರೆ ಹೆಚ್ಚು ಕಾಲ. ಓದುವುದರಲ್ಲಿ ಲೋಪವಿಲ್ಲದ ಡ್ರೈವ್‌ಗೆ ಈ ಶ್ರಮ ಯೋಗ್ಯ.

ಲೆನ್ಸ್

ಎಲ್ಲವೂ ಸರಿಯಿದ್ದು ಡಿಸ್ಕ್ ಮಾತ್ರ ಓದುತ್ತಿಲ್ಲ ಎಂದಾಗ ಉಳಿದದ್ದು ಇದೇ. ಡಿಸ್ಕ್ ಹಾಕಿ ಕಿವಿಗೊಡಿ. ಮೊದಲು ಲೆನ್ಸ್ ಮೇಲೆ ಕೆಳಗೆ ಚಲಿಸಿ ದೃಷ್ಟಿ ನೆಡಲು ಯತ್ನಿಸುತ್ತದೆ, ಆಗ ‘ಟಿಕ್ ಟಿಕ್’ ಎಂಬ ಮೆಲುದನಿ. ಬಿಂಬ ಸಿಕ್ಕರೆ ಮುಂದಿನ ಕೆಲಸ, ಸಿಗದಿದ್ದರೆ ಡಿಸ್ಕೇ ಇಲ್ಲ ಎಂಬ ತೀರ್ಮಾನ. ಆರಂಭದಲ್ಲಿ ಹೇಳಿದ ಏರುವ ತಗ್ಗುವ ಗುಂಯ್‌ಗುಟ್ಟುವಿಕೆ ಈ ಹುಡುಕಾಟದ್ದೇ.

ಲೆನ್ಸ್ ತೊಳೆಯುವ, ಸಣ್ಣ ಬ್ರಷ್ ಅಂಟಿಸಿದ ಡಿಸ್ಕ್‌ಗಳು ಸಡಿಲ ಧೂಳಿಗೆ ಪರವಾಗಿಲ್ಲ. ಅಂಟಿಕೊಂಡ ಮಬ್ಬಿಗೆ ಅವು ಸಾಲವು. ಡ್ರೈವ್ ಹೊರತೆಗೆದು, ತಳದ ನಾಲ್ಕು ಸ್ಕ್ರೂ ಬಿಚ್ಚಿ, ಮುಂಬದಿಯ ಪ್ಲಾಸ್ಟಿಕ್ ಪಟ್ಟಿಯ ಕೊಂಡಿ ಬಿಡಿಸಿದರೆ ಒಳಗೆ ನೀಲಿ ಛಾಯೆಯ ಪುಟ್ಟ ಗಾಜಿನ ಹನಿಯಂತೆ ಲೆನ್ಸ್ ಕಾಣುತ್ತದೆ. ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತೇವ ಮಾಡಿ, ಹಿಂಡಿ, ಒಂದೆರಡು ಸಲ ಸವರಿದರೆ ಸಾಕು. ಲೆನ್ಸ್ ಕೂದಲೆಳೆಯಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ಅಲ್ಲಿಗೆ ಕಥೆ ಮುಗಿಯಿತು. ಹೊದಿಕೆ ತೆರೆದಿರುವಾಗ ವಿದ್ಯುತ್ ಕೊಡಲೇಬಾರದು. ಮುಚ್ಚಿದ ಡ್ರೈವ್ ಹೊರಗಿನವರಿಗೆ ಸುರಕ್ಷಿತ. ಒಳಗಿನ ಲೇಸರ್, ಅದರಲ್ಲೂ ಡಿಸ್ಕ್ ಬರೆಯುವ ಡ್ರೈವ್‌ನದು, ಕಣ್ಣನ್ನು ಹಾಳುಮಾಡುವಷ್ಟು ಪ್ರಬಲ. 780 ನ್ಯಾನೋಮೀಟರ್‌ನ ಬೆಳಕು ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ, ಹಾಗಾಗಿ ಕಣ್ಣು ಮಿಟುಕುವುದೂ ಇಲ್ಲ.

ಒರೆಸಿದ ಮೇಲೂ ಓದದಿದ್ದರೆ ನಾನು ಅಲ್ಲಿಗೆ ಬಿಡುತ್ತೇನೆ. ಲೇಸರ್‌ನ ಶಕ್ತಿ ಹೆಚ್ಚಿಸಲು ಒಳಗಿನ ಪುಟ್ಟ ತಿರುಪನ್ನು ತಿರುಗಿಸಿ ಎಂಬ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಸೊರಗಿದ ಲೇಸರ್ ಅದರಿಂದ ಕೆಲವು ದಿನ ಮಿಂಚಿ ಬೇಗನೆ ಆರಿಹೋಗುತ್ತದೆ, ಅಷ್ಟೇ.

ಬದಲಿಸುವುದು

ತರುವ ಮೊದಲು ಹಳೆಯದನ್ನು ಅಳೆಯಿರಿ. ಸಾಮಾನ್ಯ ಕ್ಯಾಬಿನೆಟ್‌ನಲ್ಲಿರುವುದು 5.25 ಇಂಚಿನ ಖಾನೆಗೆ ಕೂರುವ, 146 ಮಿಲಿಮೀಟರ್ ಅಗಲದ ಡ್ರೈವ್. ತೆಳ್ಳಗಿನ ಸಣ್ಣ ಗಣಕಗಳಲ್ಲಿ ಲ್ಯಾಪ್‌ಟಾಪ್ ಬಗೆಯ ಡ್ರೈವ್ ಇರುತ್ತದೆ. ಅದರ ದಪ್ಪ 12.7 ಅಥವಾ 9.5 ಮಿಲಿಮೀಟರ್, ವಿದ್ಯುತ್ ತುದಿಯೂ ಬೇರೆ, 6 ಪಿನ್‌ನದು. ಒಂದರ ಜಾಗಕ್ಕೆ ಇನ್ನೊಂದು ಕೂರದು. ಹಿಂಬದಿಯಲ್ಲಿ ಸಾಟಾ ಇದೆಯೋ ಐಡಿಇಯೋ ನೋಡಿಕೊಳ್ಳಿ. ಡಿಸ್ಕನ್ನು ವರ್ಷಕ್ಕೆ ಎರಡು ಸಲ ಮುಟ್ಟುವವರಾದರೆ ಯುಎಸ್‌ಬಿಗೆ ಚುಚ್ಚುವ ಹೊರಗಿನ ಡ್ರೈವೇ ಸಾಕು. ಮುಂದಿನ ಪೋರ್ಟ್‌ನಲ್ಲಿ ಅದಕ್ಕೆ ವಿದ್ಯುತ್ ಸಾಲದಿದ್ದರೆ ಹಿಂದಿನ, ನೇರವಾಗಿ ಮದರ್‌ಬೋರ್ಡ್‌ನಲ್ಲಿರುವ ಪೋರ್ಟಿಗೆ ಹಾಕಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್ ಮಾತ್ರ, ಡಿಸ್ಕ್ ತಿರುಗಲು ಹೊರಡುವ ಗಳಿಗೆಯಲ್ಲಿ ಡ್ರೈವ್ ಅದಕ್ಕಿಂತ ಹೆಚ್ಚು ಕೇಳಬಹುದು.

ಒಳಗೇ ಬೇಕೆಂದರೆ, ಹಿಂದೆ ಹೇಳಿದಂತೆ ವಿದ್ಯುತ್ ಕಿತ್ತು, ಎರಡೂ ಬದಿಯ ತಗಡು ತೆಗೆಯಿರಿ. ಒಂದೇ ಬದಿ ತೆಗೆದು ಕೆಲಸ ಮುಗಿಸಬಹುದೆಂದು ಹೊರಟವರು ಆಚೆ ಬದಿಯ ಸ್ಕ್ರೂಗಳನ್ನು ಮರೆತು ಡ್ರೈವ್ ಜಗ್ಗುತ್ತಾ ನಿಲ್ಲುತ್ತಾರೆ. ಕೇಬಲ್ ಕಳಚುವ ಮೊದಲು ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಕೇಬಲ್‌ನ ಪ್ಲಾಸ್ಟಿಕ್ ತುದಿ ಹಿಡಿದು ಕಳಚಬೇಕು, ತಂತಿ ಹಿಡಿದು ಎಳೆಯಬಾರದು. ಪಕ್ಕದ ಸ್ಕ್ರೂ ಬಿಚ್ಚಿ, ಅಥವಾ ಪ್ಲಾಸ್ಟಿಕ್ ಕೊಂಡಿ ಇದ್ದರೆ ಸರಿಸಿ, ಹಿಂದಿನಿಂದ ಮೆಲ್ಲಗೆ ತಳ್ಳಿ. ಡ್ರೈವ್ ಮುಂಭಾಗದಿಂದ ಹೊರಬರುತ್ತದೆ. ಬಾರದಿದ್ದರೆ ಕ್ಯಾಬಿನೆಟ್‌ನ ಮುಂದಿನ ಪ್ಲಾಸ್ಟಿಕ್ ಮುಖವನ್ನು ಕಳಚಬೇಕಾಗುತ್ತದೆ. ಅದು ಸಾಮಾನ್ಯವಾಗಿ ಒಳಗಿನ ಕೊಂಡಿಗಳ ಮೇಲೆ ನಿಂತಿರುತ್ತದೆ, ಕೆಳಗಿನಿಂದ ಎಳೆದರೆ ಸಡಿಲವಾಗುತ್ತದೆ. ಪವರ್ ಗುಂಡಿಯ ತಂತಿಗಳು ಅದಕ್ಕೆ ಅಂಟಿಕೊಂಡಿವೆಯೇ ಎಂದು ನೋಡಿ ಎಳೆಯಿರಿ.

ಸ್ಕ್ರೂಗಳ ವಿಷಯದಲ್ಲಿ ಎಚ್ಚರ. ಡಿವಿಡಿ ಡ್ರೈವ್‌ಗೆ ಬೇಕಾದವು ನವಿರು ಸುತ್ತಿನ ಎಂ3 ಸ್ಕ್ರೂಗಳು. 3.5 ಇಂಚಿನ ಹಾರ್ಡ್ ಡಿಸ್ಕಿನವು ಒರಟು ಸುತ್ತಿನವು, ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಬೆರಳಲ್ಲಿ ಎರಡು ಸುತ್ತು ಸಲೀಸಾಗಿ ಹೋಗದ ಸ್ಕ್ರೂವನ್ನು ಸ್ಕ್ರೂಡ್ರೈವರ್‌ನಿಂದ ಬಲವಂತ ಮಾಡಬೇಡಿ, ಡ್ರೈವ್‌ನ ತಗಡಿನ ಸುತ್ತು ಕಿತ್ತುಹೋಗುತ್ತದೆ. ಉದ್ದನೆಯ ಸ್ಕ್ರೂ ಇನ್ನೂ ಕೆಟ್ಟದ್ದು, ಒಳಗಿನ ಟ್ರೇಗೆ ತಾಗಿ ಹೊಸ ಡ್ರೈವ್ ಮೊದಲ ದಿನವೇ ಸಿಕ್ಕಿಹಾಕಿಕೊಳ್ಳುತ್ತದೆ. ಹಳೆಯದರಿಂದ ತೆಗೆದವನ್ನೇ ಬಳಸುವುದು ಕ್ಷೇಮ.

ಹೊಸದನ್ನು ಮುಂದಿನಿಂದ ತೂರಿಸಿ, ಅದರ ಮುಖ ಕ್ಯಾಬಿನೆಟ್ ಮುಖಕ್ಕೆ ಸಮವಾಗುವಂತೆ ಹಿಡಿದು, ನಾಲ್ಕೂ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಕೂರಿಸಿ. ಟ್ರೇ ಎಲ್ಲಿಯೂ ಉಜ್ಜುತ್ತಿಲ್ಲ ಎಂದು ಪೇಪರ್ ಕ್ಲಿಪ್‌ನಿಂದ ತೆರೆದು ನೋಡಿ, ಆಮೇಲೆ ಬಿಗಿ ಮಾಡಿ. ಡೇಟಾ ಕೇಬಲ್, ನಂತರ ವಿದ್ಯುತ್ ಕೇಬಲ್. ಫ್ಯಾನಿನ ರೆಕ್ಕೆಗೆ ತಾಗದಂತೆ ಕೇಬಲ್ಲನ್ನು ಬದಿಗೆ ಸರಿಸಿ. ತಗಡುಗಳನ್ನು ಈಗಲೇ ಮುಚ್ಚಬೇಡಿ. ಮುಚ್ಚಿದ ಮೇಲೆಯೇ ಏನೋ ಮರೆತದ್ದು ನೆನಪಾಗುವುದು ಈ ಕೆಲಸದ ಜಾಯಮಾನ.

ಆನ್ ಮಾಡಿ ಬಯೋಸ್‌ನಲ್ಲಿ ಹೊಸ ಮಾದರಿ ಸಂಖ್ಯೆ ನೋಡಿ. ವಿಂಡೋಸ್ ಎದ್ದ ಮೇಲೆ ಅದೇ ಮೂರು ಡಿಸ್ಕ್‌ಗಳನ್ನು ಮತ್ತೆ ಹಾಕಿ. ಫೈಲುಗಳ ಪಟ್ಟಿ ಕಂಡ ಮಾತ್ರಕ್ಕೆ ತೃಪ್ತರಾಗಬೇಡಿ. ಪಟ್ಟಿ ಇರುವುದು ಡಿಸ್ಕ್‌ನ ಒಳಅಂಚಿನಲ್ಲಿ, ಕಷ್ಟವಿರುವುದು ಹೊರಅಂಚಿನಲ್ಲಿ. ಭರ್ತಿ ತುಂಬಿದ 4.7 ಜಿಬಿ ಡಿವಿಡಿಯೊಂದನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಕೊನೆಯ ಫೈಲಿನವರೆಗೆ ತಡೆಯಿಲ್ಲದೆ ಬಂದರೆ ಓದುವುದು ಸರಿಯಿದೆ. ಒಂದು ಖಾಲಿ ಡಿಸ್ಕ್ ಬರೆದು, ‘ವೆರಿಫೈ’ ಆಯ್ಕೆ ಹಾಕಿ ತಾಳೆ ನೋಡಿ. ಇವೆರಡೂ ದಾಟಿದ ಮೇಲೆ ತಗಡು ಮುಚ್ಚಿ.

ಹಳೆಯ ಡ್ರೈವನ್ನು ಇ-ತ್ಯಾಜ್ಯಕ್ಕೆ ಕೊಡುವ ಮೊದಲು ಪೇಪರ್ ಕ್ಲಿಪ್‌ನಿಂದ ಅದರ ಟ್ರೇಯನ್ನೂ ಒಮ್ಮೆ ತೆರೆದು ನೋಡಿ. ವಾರಗಟ್ಟಲೆ ಹುಡುಕುತ್ತಿದ್ದ ಡಿಸ್ಕ್ ಅದರ ಹೊಟ್ಟೆಯಲ್ಲೇ ಉಳಿದಿರುವುದು ಅಪರೂಪವೇನಲ್ಲ.